ಪಡ್ಡಿನ ಹಂಚಿನಲ್ಲಿ ಅರಳಿದ ಬ್ರಷ್ಷು

ನಾನು ಜನ್ಮದಲ್ಲಿ ಯಾರ ಗಡ್ಡವನ್ನೂ ಬೋಳಿಸಿದವಳಲ್ಲ. ಆದರೂ ಶಿವಾಜಿನಗರದ ಒಂದು ಕಟಿಂಗ್ ಶಾಪಿನಲ್ಲಿ ವರ್ಷಗಟ್ಟಲೆ ನೊರೆ ಎಬ್ಬಿಸಿದ ಬ್ರಷ್ಷು ನನ್ನ ಅಡುಗೆ ಕಟ್ಟೆಯ ಮೇಲೆ ಹುಟ್ಟಿತು. ಅದನ್ನು ನೆನೆದರೆ ಈಗಲೂ ನಗು ಬರುತ್ತದೆ. ನಗುವಿನ ಹಿಂದೆಯೇ ಕೈಗಳು ತಾವಾಗಿ ಕೂಡಿಕೊಳ್ಳುತ್ತವೆ.

ನಾವು ಗುಲಬರ್ಗಾ ಕಡೆಯವರು, ಹಡಪದವರು. ಕ್ಷೌರ ನಮ್ಮ ಮನೆತನದ ಕಾಯಕ. ಬೆಂಗಳೂರಿಗೆ ಬಂದ ಮೇಲೆ ನನ್ನ ಯಜಮಾನರು ಏಳು ವರ್ಷ ಬೇರೆಯವರ ಅಂಗಡಿಯಲ್ಲಿ ನಿಂತು ದುಡಿದರು. ತೊಂಬತ್ತರ ದಶಕದ ಕೊನೆಗೆ ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಕುರ್ಚಿ, ಒಂದು ಬೆಂಚು ಹಿಡಿಸುವಷ್ಟು ಜಾಗ ಬಾಡಿಗೆಗೆ ಸಿಕ್ಕಿತು. ನಮ್ಮ ಮನೆ ಹಲಸೂರಿನ ಒಂದು ವಠಾರದಲ್ಲಿ. ಒಂದೇ ಕೋಣೆ; ಒಂದು ಮೂಲೆಯಲ್ಲಿ ಒಲೆ, ಎದುರು ಮೂಲೆಯಲ್ಲಿ ದೇವರ ಗೂಡು. ಸಂಜೆ ದೀಪ ಹಚ್ಚುವಾಗ ಆ ದಿನ ಶಿವ ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಒಂದೊಂದಾಗಿ ನೆನೆಯುವುದು ನನ್ನ ಪದ್ಧತಿ. ನಲ್ಲಿಯಲ್ಲಿ ಎರಡು ಬಿಂದಿಗೆ ನೀರು ಹೆಚ್ಚು ಬಂತು, ಹಾಲು ಉಕ್ಕುವ ಮೊದಲೇ ಕಣ್ಣಿಗೆ ಬಿತ್ತು, ಇಂಥವು. ದೊಡ್ಡದನ್ನು ಕೇಳಿ ಅಭ್ಯಾಸವಿಲ್ಲ.

ಅಂಗಡಿ ತೆರೆದ ಎರಡನೇ ತಿಂಗಳಲ್ಲಿ ಒಂದು ದಿನ ಯಜಮಾನರು ಮಧ್ಯಾಹ್ನವೇ ಮನೆಗೆ ಬಂದರು. ಬಂದವರು ಜೇಬಿನಿಂದ ಶೇವಿಂಗ್ ಬ್ರಷ್ಷು ತೆಗೆದು ನನ್ನ ಮುಂದಿಟ್ಟರು.

"ಇದು ಯಾವ ಕೂದಲು?" ಅಂದರು.

"ನನಗೇನ್ ಗೊತ್ತು? ನಿಮ್ಮ ಅಪ್ಪಾರು ಕೊಟ್ಟಿದ್ದಲ್ಲೇನ್ರಿ?"

ಹೌದು, ಅದು ಮಾವನವರ ಬ್ರಷ್ಷು. ಊರಿನಲ್ಲಿ ನಲವತ್ತು ವರ್ಷ ಅವರು ಬಳಸಿದ್ದು. ಮಗನ ಸ್ವಂತ ಅಂಗಡಿಗೆಂದು ವಿಭೂತಿ ಹಚ್ಚಿ, ಅರಿವೆಯಲ್ಲಿ ಸುತ್ತಿ ಕಳಿಸಿದ್ದರು. ನಡೆದದ್ದು ಇಷ್ಟು. ಮಾರ್ಕೆಟ್ಟಿನ ಹತ್ತಿರ ಖರ್ಜೂರ ಮಾರುವ ಒಬ್ಬ ಹಿರಿಯರು ಗಡ್ಡದ ಅಂಚು ತೀಡಿಸಲು ಬಂದಿದ್ದಾರೆ. ಕೆನ್ನೆಗೆ ನೊರೆ ಹಚ್ಚಿದ್ದಾಗಿದೆ. ಆಗ ಕನ್ನಡಿಯಲ್ಲಿ ಬ್ರಷ್ಷನ್ನು ನೋಡಿ, "ಇದು ಯಾವ ಪ್ರಾಣಿಯ ಕೂದಲಪ್ಪ?" ಎಂದು ಕೇಳಿದ್ದಾರೆ. ನನ್ನ ಯಜಮಾನರಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೊಗಳಿಕೆಗೆ ಹೇಳುತ್ತಿಲ್ಲ, ವ್ಯಾಪಾರಕ್ಕೆ ಅದೊಂದು ತೊಂದರೆಯೇ. "ಗೊತ್ತಿಲ್ಲ" ಅಂದುಬಿಟ್ಟಿದ್ದಾರೆ. ಆ ಹಿರಿಯರು ಬೈಯಲಿಲ್ಲ, ಕೂಗಾಡಲಿಲ್ಲ. ಟವೆಲಿನಿಂದ ನೊರೆ ಒರೆಸಿಕೊಂಡು, ಎದ್ದು ಹೋದರು. ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರೂ ಅವರ ಹಿಂದೆಯೇ ಎದ್ದರು.

ಒಂದು ವಾರ ಬೆಂಚು ಖಾಲಿ ಇತ್ತು. ಆ ಗಲ್ಲಿಯಲ್ಲಿ ಹತ್ತರಲ್ಲಿ ಏಳು ಮಂದಿ ನಮಾಜು ಮಾಡುವವರು. ಒಬ್ಬರ ಅನುಮಾನ ಎಲ್ಲರದೂ ಆಯಿತು. "ಹಿಂಗೇ ನಡೆದ್ರ ಅಂಗಡಿ ಬೀಗ ಹಾಕಿ ಮತ್ತ ಹಳೇ ಮಾಲೀಕನ ಹತ್ರ ಹೋಗಿ ನಿಲ್ಬೇಕು" ಎಂದು ಯಜಮಾನರು ಗೋಡೆಯ ಕಡೆ ನೋಡುತ್ತ ಹೇಳಿದರು. ಏಳು ವರ್ಷ ನಿಂತ ಕಾಲು ಅವು. ನನಗೆ ಅವತ್ತು ದೀಪದ ಮುಂದೆ ಹೇಳಿಕೊಳ್ಳಲು ಏನೂ ತೋಚಲಿಲ್ಲ.

ಹೊಸ ಬ್ರಷ್ಷು ಕೊಂಡರಾಯಿತಲ್ಲ ಎಂದು ಇಬ್ಬರೂ ಕಮರ್ಷಿಯಲ್ ಸ್ಟ್ರೀಟಿಗೆ ಹೋದೆವು. ಒಂದು ಅಂಗಡಿಯವನು, "ಪ್ಯೂರ್ ಕೂದಲು ಮೇಡಮ್, ಫಸ್ಟ್ ಕ್ವಾಲಿಟಿ" ಅಂದ. ಯಾವುದರ ಕೂದಲು ಎಂದರೆ, "ಕೂದಲು ಅಂದ್ರೆ ಕೂದಲು ಮೇಡಮ್, ಅದರ ಜಾತಿ ಯಾಕೆ ಕೇಳ್ತೀರಾ?" ಅಂದ. ಇನ್ನೊಬ್ಬನ ಹತ್ತಿರ ಪ್ಲಾಸ್ಟಿಕ್ ಎಳೆಯದು ಇತ್ತು. ಕೈಗೆ ಉಜ್ಜಿಕೊಂಡರೆ ಪಾತ್ರೆ ತಿಕ್ಕುವ ಗುಂಜಿನ ಹಾಗೆ ಚುಚ್ಚಿತು. ಯಜಮಾನರು, "ಇದ್ರಾಗ ಗಡ್ಡ ಮಾಡೋದು ಬ್ಯಾಡ, ಬರೇ ತಿಕ್ಕಿದ್ರ ಸಾಕು, ಕೂದ್ಲಾ ತಾವೇ ಓಡಿ ಹೋಗ್ತಾವ" ಎಂದು ನಕ್ಕರು. ವಾರದಲ್ಲಿ ಮೊದಲ ಸಲ ನಕ್ಕದ್ದು. ಅದನ್ನು ಆ ಸಂಜೆಯ ಉಪಕಾರಗಳಲ್ಲಿ ಸೇರಿಸಿಕೊಂಡೆ.

ನಮ್ಮ ಪಕ್ಕದ ಕೋಣೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದರು. ನಾನು ಖಾಲಾ ಎಂದೇ ಕರೆಯುತ್ತಿದ್ದೆ, ಚಿಕ್ಕಮ್ಮ ಎಂದ ಹಾಗೆ. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಬ್ರಷ್ಷು ಕಟ್ಟಿ ಬದುಕುತ್ತಿದ್ದರು. ಸೀಸೆ ತೊಳೆಯುವುದು, ಹೊಲಿಗೆ ಮಿಷನ್ನಿನ ಧೂಳು ತೆಗೆಯುವುದು, ಗಡಿಯಾರ ರಿಪೇರಿಯವರಿಗೆ ಬೇಕಾದ ಪುಟ್ಟ ಪುಟ್ಟ ಬ್ರಷ್ಷು. ನಮ್ಮೂರ ಕಡೆ ಉರ್ದು ಮನೆಮಾತಿನ ಹಾಗೇ ಓಡಾಡುತ್ತದೆ, ಹಾಗಾಗಿ ಬಂದ ಮೊದಲ ದಿನವೇ ನಮ್ಮಿಬ್ಬರಿಗೆ ಹೊಂದಿಕೆಯಾಗಿತ್ತು. ಮಾವನವರ ಬ್ರಷ್ಷನ್ನು ಅವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಬೆಳಕಿಗೆ ಹಿಡಿದು ತುದಿ ನೋಡಿದವರೇ ನನ್ನ ಕೈಗೆ ವಾಪಸು ಹಾಕಿ, ಸೆರಗಿಗೆ ಕೈ ಒರೆಸಿಕೊಂಡರು.

"ತೋಬಾ! ತುದಿ ಸೀಳಿರೋದು ನೋಡು ಬೇಟಿ. ಹಂದಿದು. ನಾನ್ ಇದನ್ನ ಮುಟ್ಟೋದೇ ಇಲ್ಲ. ಪೇಂಟ್ ಬ್ರಷ್ ಕೆಲಸ ಎಷ್ಟ್ ಬಂದ್ರೂ ನಕ್ಕೋ, ಬೇಡ ಅಂದಿದ್ದೀನಿ, ನೈಲಾನ್ ಮಾತ್ರ ಕಟ್ತೀನಿ."

ಕುತ್ತಿಗೆಯಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಮೊಟ್ಟೆ ಸಹ ಹೊಸ್ತಿಲು ದಾಟಿದ್ದಿಲ್ಲ. ಆ ಬ್ರಷ್ಷನ್ನು ಮಾವನವರು ಪ್ರತಿ ವರ್ಷ ಆಯುಧಪೂಜೆಗೆ ಕತ್ತಿ, ಸಾಣೆಕಲ್ಲುಗಳ ಜೊತೆಗಿಟ್ಟು ಹೂ ಏರಿಸುತ್ತಿದ್ದರು. ಇದನ್ನು ಅವರಿಗೆ ಯಾರು ಹೇಳುವುದು?

"ಖಾಲಾ, ನೈಲಾನಿನಲ್ಲಿ ಶೇವಿಂಗ್ ಬ್ರಷ್ ಕಟ್ಟಕ್ಕಾಗಲ್ವಾ?"

"ಕಟ್ಟಬಹುದು. ಆದ್ರೆ ನಾನ್ ಕಟ್ಟಿಲ್ಲ. ನಮ್ಮೆಜಮಾನ್ರಿಗೆ ಎದೆ ತನಕ ದಾಡಿ ಇತ್ತು, ಅವರಿಗ್ಯಾಕೆ ಬೇಕಿತ್ತು!"

ಹೀಗೆ ಗಡ್ಡವಿಲ್ಲದ ನಾನು, ಗಡ್ಡ ಬೋಳಿಸದ ಮನೆಯ ಖಾಲಾ ಕೂಡಿ ಕೆಲಸಕ್ಕೆ ಕೂತೆವು. ಯಜಮಾನರಿಗೆ ಹೇಳಿದಾಗ ಅವರು ಬೇಡ ಅನ್ನಲಿಲ್ಲ. ಒಂದೇ ಮಾತು ಹೇಳಿದರು: "ಅಪ್ಪ ಬರೋ ಸೋಮವಾರ ಬರ್ತಾನ. ಅವ್ನ ಹೆಬ್ಬೆಟ್ಟಿಗಿ ಒಪ್ಪಿದ್ರ ಅಂಗಡ್ಯಾಗ ಇಡ್ತೀನಿ. ಇಲ್ಲಂದ್ರ ಇಲ್ಲ." ಮಾವನವರ ಕಣ್ಣು ಮಂಜಾಗಿ ಕತ್ತಿ ಬಿಟ್ಟಿದ್ದರು, ಆದರೆ ಅವರ ಹೆಬ್ಬೆಟ್ಟು ಸುತ್ತ ಹತ್ತು ಹಳ್ಳಿಗೆ ಗೊತ್ತಿದ್ದ ಹೆಬ್ಬೆಟ್ಟು. ಕತ್ತಿಯ ಅಂಚು, ಸಾಬೂನಿನ ನೊರೆ, ಗಿರಾಕಿಯ ಚರ್ಮ, ಎಲ್ಲವನ್ನೂ ಅದರಿಂದಲೇ ತಿಳಿಯುತ್ತಿದ್ದರು.

ಖಾಲಾ ಗಡಿಯಾರದ ಬ್ರಷ್ಷಿಗೆ ತಂದಿದ್ದ ಸಣ್ಣ ಎಳೆಯ ನೈಲಾನ್ ಕಟ್ಟು ಬಿಚ್ಚಿದರು. ಎಳೆ ಚೆನ್ನಾಗಿತ್ತು. ತೊಡಕಿದ್ದದ್ದು ತಲೆಯ ಆಕಾರದಲ್ಲಿ. ಶೇವಿಂಗ್ ಬ್ರಷ್ಷಿನ ತಲೆ ಗುಂಡಗಿರಬೇಕು, ನಡುವೆ ಉಬ್ಬಿ ಅಂಚಿಗೆ ಇಳಿಯಬೇಕು. ಕಟ್ಟಿದ ಮೇಲೆ ಕತ್ತರಿಯಿಂದ ಗುಂಡಗೆ ಮಾಡಿದರೆ ಕತ್ತರಿಸಿದ ತುದಿ ಚುಚ್ಚುತ್ತದೆ. ಮೊದಲೇ ಎಳೆಗಳನ್ನು ತಲೆಕೆಳಗಾಗಿ ಗುಂಡಗಿನ ತಗ್ಗಿನಲ್ಲಿ ನಿಲ್ಲಿಸಿ, ಅದು ಆಕಾರ ಹಿಡಿದ ಮೇಲೆ ಬುಡ ಕಟ್ಟಬೇಕು. ಅಂಥ ತಗ್ಗು ಎಲ್ಲಿದೆ? ಲೋಟದ ತಳ ಸಪಾಟು. ಸೌಟು ತೀರಾ ಅಗಲ. ಇಬ್ಬರೂ ಅಡುಗೆ ಕಟ್ಟೆಯ ಪಾತ್ರೆ ಒಂದೊಂದಾಗಿ ನೋಡುತ್ತಿದ್ದೆವು. ಕಣ್ಣು ಪಡ್ಡಿನ ಹಂಚಿನ ಮೇಲೆ ನಿಂತಿತು.

ಏಳು ಕುಳಿಯ ಕಬ್ಬಿಣದ ಹಂಚು, ತವರಿನಿಂದ ತಂದದ್ದು. ಒಂದು ಕುಳಿಯಲ್ಲಿ ಎಳೆಗಳನ್ನು ನಿಲ್ಲಿಸಿ, ಅಂಗೈಯಿಂದ ಮೆಲ್ಲಗೆ ತಟ್ಟಿದೆವು. ತುದಿಗಳೆಲ್ಲ ಕುಳಿಯ ತಳಕ್ಕೆ ಕೂತವು. ಬುಡಕ್ಕೆ ದಾರ ಬಿಗಿದು ಎತ್ತಿದರೆ, ಶಿವನೇ, ಅರಳಿದ ಚೆಂಡು ಹೂವಿನ ಹಾಗೆ ಎದ್ದು ಬಂತು!

"ವಾಹ್! ಪಡ್ಡು ಬೆಂದಿತು!" ಎಂದು ಖಾಲಾ ಚಪ್ಪಾಳೆ ತಟ್ಟಿದರು.

ಹಿಡಿಗೆ ನನ್ನ ಲಟ್ಟಣಿಗೆ ಕೊಟ್ಟೆ. ಜೋಳದ ರೊಟ್ಟಿಯನ್ನು ಕೈಯಿಂದ ಬಡಿಯುವವಳಿಗೆ ಲಟ್ಟಣಿಗೆ ಯಾಕೆ? ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟದ್ದು ಹಾಗೇ ಬಿದ್ದಿತ್ತು. ಬೀದಿ ಮೂಲೆಯ ಬಡಗಿ ಅದನ್ನು ಎರಡು ತುಂಡು ಮಾಡಿ, ಒಂದೊಂದರ ತಲೆಗೂ ಕುಳಿ ಕೊರೆದು, ಅಂಟಿಸಲು ಒಂದು ತುಂಡು ಸರೇಸನ್ನೂ ಕೊಟ್ಟ. ಬಡಗಿಗಳು ಕಾಯಿಸಿ ಮರಕ್ಕೆ ಹಚ್ಚುವ ಕಂದು ಅಂಟು ಅದು. ಹಳೆ ಡಬ್ಬದಲ್ಲಿ ಕರಗಿಸಿ, ಎಳೆಯ ಬುಡಕ್ಕೆ ಹಚ್ಚಿ, ಲಟ್ಟಣಿಗೆಯ ಕುಳಿಗೆ ಒತ್ತಿ ಕೂರಿಸಿದೆ. ವಾಸನೆ ಸ್ವಲ್ಪ ಹೊಡೆಯಿತು. ಮರದ್ದಿರಬೇಕು ಅಂದುಕೊಂಡೆ.

ಸೋಮವಾರ ಮಧ್ಯಾಹ್ನಕ್ಕೆ ಅಂಟು ಒಣಗಿತ್ತು. ಮಾವನವರ ಬಸ್ಸು ಸಂಜೆಗೆ ಎಂದಿದ್ದರಿಂದ, ಅವರು ಬರುವ ಮೊದಲು ನಾವೇ ಒಮ್ಮೆ ನೋಡಿಬಿಡೋಣ ಎಂದು ಖಾಲಾ ಬಾಗಿಲು ಮುಂದೆ ಮಾಡಿದರು. ಬಟ್ಟಲಿನಲ್ಲಿ ಸಾಬೂನು ಕಲಸಿ, ನಾನು ಅವರ ಕೆನ್ನೆಗೆ ಹಚ್ಚಿದೆ. ಅವರು ಕಣ್ಣು ಮುಚ್ಚಿ, "ಹಾಂ... ಗುದಗುದಿ, ಕಚಗುಳಿ ಆಗ್ತದೆ. ಇಲ್ಲಿ ಚುಚ್ಚಿತು. ಇಲ್ಲಿ ಇಲ್ಲ" ಎಂದು ಹೇಳುತ್ತ ಹೋದರು. ಆಮೇಲೆ ಬ್ರಷ್ಷು ಕಸಿದುಕೊಂಡು ನನ್ನ ಗದ್ದ, ಕೆನ್ನೆ, ಮೂಗಿನ ಕೆಳಗೆ ಕೂಡ ಬಳಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಗಲೇ ಬಾಗಿಲು ತಳ್ಳಿಕೊಂಡು ಮಾವನವರು ಬಂದರು. ಹೆಗಲ ಮೇಲೆ ಜೋಳದ ಚೀಲ. ಬಸ್ಸು ಅವತ್ತೊಂದೇ ದಿನ ಹೊತ್ತಿಗೆ ಮೊದಲೇ ಬಂದಿತ್ತಂತೆ.

ನಾನು ಸೆರಗು ಎಳೆದುಕೊಳ್ಳಲು ಹೋದರೆ ಸೆರಗಿಗೂ ನೊರೆ. ಕಣ್ಣು ಮಂಜಾದರೂ ಅವರಿಗೆ ಬಿಳಿ ಗಡ್ಡದ ಎರಡು ಹೆಂಗಸರು ಕಂಡೇ ಕಂಡರು. ಒಂದು ಗಳಿಗೆ ನಿಂತು ನೋಡಿದರು.

"ಬೆಂಗಳೂರಾಗ ಹೆಣ್ಮಕ್ಕಳಿಗೂ ಗಡ್ಡ ಬರ್ತಾವೇನವಾ?" ಅಂದರು. "ಮದ್ಲಾ ಹೇಳಿದ್ರ ಕತ್ತಿ ತರ್ತಿದ್ನಲ್ಲ!"

ಖಾಲಾ ಮುಖ ಮುಚ್ಚಿಕೊಂಡು ತಮ್ಮ ಕೋಣೆಗೆ ಓಡಿದ್ದು ಇವತ್ತಿಗೂ ನನ್ನ ಕಣ್ಣಮುಂದಿದೆ.

ವಿಷಯ ತಿಳಿದು ಮಾವನವರು ಬ್ರಷ್ಷು ಕೈಗೆ ತೆಗೆದುಕೊಂಡರು. ತುದಿಯ ಮೇಲೆ ಹೆಬ್ಬೆಟ್ಟು ಆಡಿಸಿ, ಮೂಗು ಮುರಿದರು. "ನೈಲಾನ್ ಹಗ್ಗ ಎಮ್ಮಿ ಕಟ್ಟಲಿಕ್ಕ ಛಲೋ. ನಾ ಕೊಟ್ಟ ಬ್ರಷ್ಷಿಗಿ ಏನಾಗ್ಯಾದ?" ಗಿರಾಕಿಗಳು ಯಾವ ಕೂದಲೆಂದು ಕೇಳುತ್ತಾರೆ, ಅದಕ್ಕೆ ಉತ್ತರ ಬೇಕು ಎಂದಷ್ಟೇ ಆಗತಾನೇ ಅಂಗಡಿಯಿಂದ ಬಂದ ಯಜಮಾನರು ಹೇಳಿದರು. ಅರ್ಧ ಸತ್ಯ. ಅದನ್ನು ಹೇಳುವಾಗಲೂ ಅವರ ಮುಖ ಕೆಂಪಾಗಿತ್ತು.

ಪರೀಕ್ಷೆ ಮರುದಿನ ಎಂದಾಯಿತು. ಮರುದಿನ ಮಂಗಳವಾರ, ಅಂಗಡಿಗೆ ರಜೆ. ಆದರೆ ಅಂಗಡಿಗೆ ರಜೆ ಯಾಕೆ? ಮಂಗಳವಾರ ಯಾರೂ ಗಡ್ಡ ಕೊಡುವುದಿಲ್ಲ ಅಂತ. ಕ್ಷೌರಿಕನಿಗೆ ಬಿಡುವಿರುವ ಒಂದೇ ದಿನ ಊರಿನಲ್ಲಿ ಒಂದು ಗಲ್ಲವೂ ಸಿಗುವುದಿಲ್ಲ! ಯಜಮಾನರು ತಾವೇ ಕೂರುತ್ತೇನೆಂದರೆ ಮಾವನವರು, "ಮಂಗಳಾರ ನನ್ನ ಮಗನ ಗಡ್ಡಕ್ಕ ಸಾಬೂನಾ? ಬ್ಯಾಡ" ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಕೊನೆಗೆ ಸಿಕ್ಕವರು ನಮ್ಮ ಮನೆಯ ಓನರು. ಮಿಲಿಟರಿಯಿಂದ ರಿಟೈರಾದ ತಮಿಳು ಮಾತಿನ ಮನುಷ್ಯ; ಮಳೆ ಇರಲಿ, ಹಬ್ಬ ಇರಲಿ, ಬೆಳಿಗ್ಗೆ ಆರಕ್ಕೆ ನುಣ್ಣಗೆ ಶೇವ್ ಆಗಿರುತ್ತಿದ್ದರು.

"ನಮ್ ಪಟಾಲಮ್ಮಲ್ಲಿ ಮಂಗಳವಾರ ಅಂತ ಒಂದ್ ವಾರಾನೇ ಇಲ್ಲಮ್ಮಾ" ಎಂದು ಅವರು ಅಂಗಳದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. "ಆದ್ರೆ ಬ್ಲೇಡ್ ನಾನೇ ಹಾಕ್ಕೊಳ್ತೀನಿ. ನನ್ ಮುಖ, ನನ್ ಪೆನ್ಷನ್ನು!"

ಮಾವನವರು ಸ್ವಲ್ಪ ಯೋಚಿಸಿ, ಮಂಗಳವಾರ ಕತ್ತಿ ಹಿಡಿಯಬಾರದೇ ಹೊರತು ಬ್ರಷ್ಷು ಹಿಡಿಯಬಾರದೆಂದು ಯಾವ ಗುರುವೂ ಹೇಳಿಲ್ಲ ಎಂದು ತಾವೇ ತೀರ್ಪು ಕೊಟ್ಟುಕೊಂಡು ಮುಂದೆ ಬಂದರು. ಬಿಸಿನೀರಿನಲ್ಲಿ ಬ್ರಷ್ಷು ಅದ್ದಿದರು. ಸಾಬೂನಿನ ಮೇಲೆ ತಿರುಗಿಸಿದರು. ನೊರೆ ಎದ್ದಿತು, ನಿಜವಾಗಿ ಎದ್ದಿತು, ಹಾಲಿನ ಕೆನೆಯ ಹಾಗೆ. ಯಜಮಾನರು ನನ್ನ ಕಡೆ ನೋಡಿದರು. ನಾನು ದೇವರ ಗೂಡಿನ ಕಡೆ ನೋಡಿದೆ. ಓನರ ಎಡಗೆನ್ನೆ ಮುಗಿಯಿತು, ಗದ್ದಕ್ಕೆ ಬಂದರು. ಅಷ್ಟರಲ್ಲಿ ನೊರೆಯೊಳಗೆ ಒಂದು ಎಳೆ ನಿಂತಿತು. ಇನ್ನೊಂದು. ಆಮೇಲೆ ಒಂದು ಹಿಡಿ. ಬಲಗೆನ್ನೆ ಮುಟ್ಟುವ ಹೊತ್ತಿಗೆ ಬ್ರಷ್ಷಿನ ತಲೆಯೇ ಕಳಚಿ ಓನರ ಮುಖಕ್ಕೆ ಅಂಟಿಕೊಂಡಿತು. ಮಾವನವರ ಕೈಯಲ್ಲಿ ಉಳಿದದ್ದು ಲಟ್ಟಣಿಗೆ.

ಓನರು ಕನ್ನಡಿ ನೋಡಿಕೊಂಡರು. "ಅಯ್ಯೋ ಅಮ್ಮಾ, ನಾನ್ ದಾಡಿ ತೆಗೀಲಿಕ್ಕೆ ಕೂತ್ಕೊಂಡಿದ್ದು. ನೀವು ಹೊಸದು ನೆಟ್ಬಿಟ್ರಲ್ಲಾ!"

ವಠಾರವೆಲ್ಲ ನಕ್ಕಿತು. ನಾನೂ ನಕ್ಕೆ. ಮಾವನವರು ಮಾತ್ರ ನಗದೆ ಲಟ್ಟಣಿಗೆಯ ಕುಳಿಯನ್ನು ಮೂಗಿನ ಹತ್ತಿರ ಹಿಡಿದರು.

"ಯಾವ ಅಂಟವಾ ಇದು?"

"ಸರೇಸು ಮಾವಾರ. ಬಡಗಿ ಕೊಟ್ಟಿದ್ದು."

"ಸರೇಸ ಎದ್ರಾಗ ಮಾಡ್ತಾರ ಗೊತ್ತದ ಏನು? ಚಕ್ಕಳಾ, ಎಲುಬು ಕುದಿಸಿ ಮಾಡ್ತಾರ. ಬಿಸಿನೀರ ಬಿದ್ರ ಬೆಲ್ಲದಂಗ ಕರಗ್ತದ. ಕೂದಲಾ ಬ್ಯಾಡ ಅಂದು ಚಕ್ಕಳಾ ತಂದಿಟ್ಟೀರಲ್ಲ!"

ನಾನು ನಾಚಿಕೆಯಿಂದ ಕುಸಿದೆ. ಮೇಲಿನ ಎಳೆಯ ಬಗ್ಗೆ ಅಷ್ಟು ಮಡಿ ಮಾಡಿ, ಬುಡದ ಅಂಟನ್ನು ಕೇಳಲೇ ಇಲ್ಲ. ಅದೂ ನನ್ನ ಒಲೆಯ ಮೇಲೆಯೇ ಕರಗಿಸಿದ್ದೆ, ದೇವರ ಗೂಡಿನ ಎದುರಿಗೆ!

"ಹೋಗಲಿ ಬಿಡ್ರಿ" ಎಂದು ಮಾವನವರು ಎದ್ದರು. "ನನ್ನ ಬ್ರಷ್ಷ ತಗದ ಕೊಡು. ನಲವತ್ತ ವರ್ಷ ಒಂದ ಕೂದಲ ಉದುರಿಲ್ಲ ಅದರದು. ನಾಳಿ ಅದನ್ನೇ ಇಡ್ರಿ ಅಂಗಡ್ಯಾಗ."

ಈಗ ಹೇಳಲೇಬೇಕಾಯಿತು. ಯಜಮಾನರು ನೆಲ ನೋಡುತ್ತ ನಿಂತಿದ್ದರು. ಮಗನ ಬಾಯಿಂದ ಬರುವುದಕ್ಕಿಂತ ಸೊಸೆಯ ಬಾಯಿಂದ ಬರಲಿ ಎಂದು ನಾನೇ ಹೇಳಿದೆ. "ಮಾವಾರ, ಅದು ಹಂದಿ ಕೂದಲಂತ್ರಿ."

ಮಾವನವರು ಕಟ್ಟೆಯ ಮೇಲೆ ಕೂತರು. ಬ್ರಷ್ಷನ್ನು ತರಿಸಿಕೊಂಡು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಹೆಬ್ಬೆಟ್ಟಿನಿಂದ ಸವರಿದರು. ಓನರೂ ಅರ್ಧ ಮುಖಕ್ಕೆ ನೊರೆ ಇಟ್ಟುಕೊಂಡೇ ಕೂತಿದ್ದರು.

"ಇದನ್ನ ಲಿಂಗದ ಮುಂದ ಇಟ್ಟು ಪೂಜಿ ಮಾಡೀನಲ್ಲವಾ" ಅಂದರು.

"ನಿಮಗ ಗೊತ್ತಿರಲಿಲ್ಲ ಮಾವಾರ. ಆ ಶಿವಗ ಗೊತ್ತಿತ್ತು. ಗೊತ್ತಿದ್ದೂ ನಲವತ್ತು ವರ್ಷ ಪೂಜಿ ತಗೊಂಡಾನ, ಅಂದ ಮ್ಯಾಲ ಸಿಟ್ಟ ಬಂದಿಲ್ಲಂತ ಅರ್ಥ."

ಇದು ನಾನು ಯೋಚಿಸಿ ಆಡಿದ ಮಾತಲ್ಲ. ಬಾಯಿಗೆ ಬಂತು, ಆಡಿದೆ. ಅವರು ತಲೆ ಎತ್ತಿ ನನ್ನ ದಿಕ್ಕಿಗೆ ನೋಡಿದರು. ಮೆಲ್ಲಗೆ ಮೀಸೆಯ ಅಡಿಯಲ್ಲಿ ನಗು ಬಂತು. "ಹಂದೀನೂ ಅವನೇ ಮಾಡ್ಯಾನ ಖರೆ. ಆದ್ರ ಗಿರಾಕಿ ಮಾರಿ ನಮ್ದಲ್ಲ. ಅವರು ಬ್ಯಾಡ ಅಂದದ್ದು ಅವರ ಮಾರಿಗಿ ಹಚ್ಚಬಾರ್ದು." ಬ್ರಷ್ಷನ್ನು ಅರಿವೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಕೈ ಚಾಚಿದರು. "ಇನ್ನೊಂದು ತುಂಡು ಲಟ್ಟಣಿಗಿ ಅದ ಅಂದ್ಯಲ್ಲ, ತಾ."

ಆಮೇಲೆ ನಡೆದದ್ದೇ ಸಂಭ್ರಮ. ಯಜಮಾನರು ಎರಡು ಟ್ಯೂಬುಗಳನ್ನು ಬೆರೆಸಿ ಹಚ್ಚುವ ಅಂಟು ತಂದರು. ಒಣಗಿದರೆ ಬಿಸಿನೀರಿಗೂ ಜಗ್ಗದ್ದು, ಯಾವ ಪ್ರಾಣಿಗೂ ಸಂಬಂಧವಿಲ್ಲದ್ದು, ಅಂಗಡಿಯವನನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡದ್ದು. ಖಾಲಾ ಹೊಸ ಎಳೆ ಹಿಡಿದು ಬಂದರು. ನಾನು ಪಡ್ಡಿನ ಹಂಚು ಇಟ್ಟೆ. ಎಳೆಗಳನ್ನು ಕುಳಿಗೆ ಇಳಿಸುವ ಮೊದಲು ಮಾವನವರು ತಡೆದರು. ಚುಚ್ಚುವುದು ಎಳೆಯಲ್ಲ, ಕತ್ತರಿಸಿದ ತುದಿ. ಅದನ್ನು ಮೊದಲು ಸಾಣೆ ಹಿಡಿಯಬೇಕು ಅಂದರು. ಮಗನ ಅಂಗಡಿಯಿಂದ ತರಿಸಿದ ಸಾಣೆಕಲ್ಲಿಗೆ ನಾಲ್ಕು ಹನಿ ನೀರು ಬಿಟ್ಟು, ಎಳೆಗಳ ಕಟ್ಟನ್ನು ತುದಿ ಕೆಳಗೆ ಮಾಡಿ, ಗಂಧ ತೇಯ್ದ ಹಾಗೆ ಗುಂಡಗೆ ತೇಯ್ದರು. ಕತ್ತಿ ಮಸೆಯುವ ಕಲ್ಲಿನ ಮೇಲೆ ಮೆತ್ತಗಾಗುವ ಕೆಲಸ! ಸ್ವಲ್ಪ ತೇಯುವುದು, ಹೆಬ್ಬೆಟ್ಟಿನಿಂದ ನೋಡುವುದು, ತಲೆ ಅಲ್ಲಾಡಿಸುವುದು. ಖಾಲಾ ಸೆರಗು ಸರಿಪಡಿಸಿಕೊಂಡು, ಸ್ವಲ್ಪ ದೂರದಲ್ಲಿ ಕೂತು, ತಮ್ಮ ಜನ್ಮದಲ್ಲಿ ಇಷ್ಟು ಬ್ರಷ್ಷು ಕಟ್ಟಿದರೂ ಈ ಉಪಾಯ ಹೊಳೆದಿರಲಿಲ್ಲ ಎಂದು ಉರ್ದುವಿನಲ್ಲಿ ಹೇಳಿದರು. ಮಾವನವರು ಗುಲಬರ್ಗಾದ ಉರ್ದುವಿನಲ್ಲೇ, "ಬೆಹನ್‌ಜೀ, ನಿನ್ನೆ ನಿಮ್ಮ ದಾಡಿ ನೋಡಿದ ಮೇಲೆಯೇ ನನಗೂ ಹೊಳೆದದ್ದು" ಅಂದರು. ಖಾಲಾ ನಕ್ಕು ನಕ್ಕು ಕೆಮ್ಮಿದರು.

ಅಂಟು ಒಣಗಲು ಒಂದು ದಿನ ಬಿಟ್ಟೆವು. ಗುರುವಾರ ಬೆಳಿಗ್ಗೆ, ಸ್ನಾನ ಪೂಜೆ ಮುಗಿಸಿ, ಮಾವನವರು ಬ್ರಷ್ಷು ಕೇಳಿದರು. ಮೊದಲು ಒಣ ಬ್ರಷ್ಷಿನ ತಲೆಯನ್ನು ಹಿಡಿದು ಜಗ್ಗಿದರು, ಕಳೆ ಕೀಳುವ ಹಾಗೆ. ಬರಲಿಲ್ಲ. ಕುದಿಯುವ ನೀರಿನಲ್ಲಿ ಒಂದಷ್ಟು ಹೊತ್ತು ಬಿಟ್ಟು ಮತ್ತೆ ಜಗ್ಗಿದರು. ಬರಲಿಲ್ಲ. ಸಾಬೂನಿನ ಕೈಯಲ್ಲಿ ಹಿಡಿ ಜಾರುತ್ತದೋ ನೋಡಿದರು. ಲಟ್ಟಣಿಗೆಯ ಹೊಟ್ಟೆ ಉಬ್ಬಿದ್ದರಿಂದ ಅಂಗೈಯಲ್ಲಿ ಚೆನ್ನಾಗಿ ಕೂತಿತು. ನೀರಿನಿಂದ ತೆಗೆದು ಒಂದು ಸಲ ಕೊಡವಿದರು. ನೀರೆಲ್ಲ ಹಾರಿಹೋಯಿತು.

"ಕೂದಲಿನ ಬ್ರಷ್ಷ ನೀರ ಕುಡೀತದ. ಇದು ಕುಡಿಯಂಗಿಲ್ಲ" ಅಂದರು.

ಯಜಮಾನರ ಮುಖ ಇಳಿಯಿತು. "ಅಂದ್ರ ಆಗಂಗಿಲ್ಲೇನಪ್ಪ?"

"ಕುಡಿಯಂಗಿಲ್ಲ ಅಂದೆ, ಕೆಲಸ ಮಾಡಂಗಿಲ್ಲ ಅಂದಿಲ್ಲ. ಕುಡಿಯದವನ ಕೈಲೆ ಕೆಲಸ ಛಲೋ ಆಗ್ತದ. ನೀರು ಸ್ವಲ್ಪ ಸ್ವಲ್ಪ ಹನಿಸ್ಕೊಂತ ಹೋಗಬೇಕು, ಅಷ್ಟೇ." ಮಗನನ್ನು ಕೂರಿಸಿ, ತಾವೇ ಅವರ ಕೆನ್ನೆಗೆ ಹಚ್ಚಿದರು. ಎಷ್ಟೋ ವರ್ಷದ ಮೇಲೆ ಅಪ್ಪ ಮಗನ ಮುಖ ಮುಟ್ಟಿದ್ದು. ಒತ್ತಿದರೆ ಎಳೆಗಳು ಹೂವಿನ ಹಾಗೆ ಬಿಚ್ಚಿಕೊಳ್ಳುತ್ತಿದ್ದವು, ಬಿಟ್ಟರೆ ಮತ್ತೆ ಒಂದಾಗುತ್ತಿದ್ದವು. ಹೆಬ್ಬೆಟ್ಟಿನಿಂದ ನೊರೆ ಸರಿಸಿ, ಅಡಿಯ ಚರ್ಮ ಮುಟ್ಟಿ ನೋಡಿದರು. ಎಲ್ಲೂ ಗೀರಿಲ್ಲ, ಕೂದಲು ನೆನೆದಿದೆ. "ನಡಿ, ಅಂಗಡಿ ತಗಿ" ಅಂದರು.

ಹೆಂಗಸರು ಕಟಿಂಗ್ ಶಾಪಿನ ಬಾಗಿಲಲ್ಲಿ ನಿಲ್ಲುವ ರೂಢಿಯಿಲ್ಲ. ಆದರೆ ಎದುರಿಗೆ ನಿಂಬೆಹಣ್ಣಿನ ಗಾಡಿಯ ಹತ್ತಿರ ನಿಲ್ಲಬಾರದೆಂದು ಯಾರೂ ಹೇಳಿಲ್ಲವಲ್ಲ. ಮಾವನವರಿಂದ ಕಲಿತ ತೀರ್ಪು. ನಾನೂ ಖಾಲಾನೂ ಒಂದೊಂದೇ ನಿಂಬೆಹಣ್ಣು ಎತ್ತಿ ಮೂಸುತ್ತ ನಿಂತೆವು. ಗಾಡಿಯವನು, "ಅಕ್ಕಾ, ನಿಂಬೆಹಣ್ಣು ತಗೊಳ್ತೀರೋ, ಮದುವೆಗೆ ಗಂಡು ನೋಡ್ತಿದ್ದೀರೋ?" ಅಂದ.

ಖರ್ಜೂರದ ಹಿರಿಯರು ಆ ದಾರಿಯಲ್ಲಿ ಬಂದರು. ಅಂಗಡಿ ದಾಟಿ ಮುಂದಿನದಕ್ಕೆ ಹೊರಟಿದ್ದರು. ಮಗ ತೋರಿಸಿದ್ದೇ ಮಾವನವರು ಬಾಗಿಲಿಗೆ ಬಂದು, ಕೈಮುಗಿದು, ಉರ್ದುವಿನಲ್ಲಿ ಕರೆದರು. "ಅಣ್ಣಾ, ಅವತ್ತು ನೀವು ಕೇಳಿದ ಪ್ರಶ್ನೆಗೆ ನನ್ನ ಮಗನ ಹತ್ತಿರ ಉತ್ತರವಿರಲಿಲ್ಲ. ಇವತ್ತು ಇದೆ. ಕೇಳಿಕೊಂಡು ಹೋಗಿ, ಕೂರುವುದು ಬಿಡುವುದು ನಿಮ್ಮ ಇಷ್ಟ."

ಹಿರಿಯರು ನಿಂತರು. ಯಜಮಾನರು ಬ್ರಷ್ಷನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟರು. ಎಳೆ ನೈಲಾನ್, ಅಂಟು ಟ್ಯೂಬಿನದು, ಹಿಡಿ ನನ್ನ ಹೆಂಡತಿಯ ಲಟ್ಟಣಿಗೆ, ಕಟ್ಟಿದವರು ನಮ್ಮ ಪಕ್ಕದ ಮನೆಯ ಖಾಲಾ ಎಂದು ಒಂದೊಂದಾಗಿ ಹೇಳಿದರು. ಹಿರಿಯರು ತುದಿ ನೋಡಿದರು, ಬುಡ ನೋಡಿದರು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಒಂದೇ ಒಂದು ಎಳೆಯ ತುದಿಗೆ ಕಡ್ಡಿ ತೋರಿಸಿದರು. ಕೂದಲು ಸುಟ್ಟ ವಾಸನೆ ಬರಲಿಲ್ಲ. ಎಳೆ ಕರಗಿ ಸಾಸಿವೆಯಷ್ಟು ಮಣಿಯಾಯಿತು. ನನ್ನ ಕೈಯಲ್ಲಿದ್ದ ನಿಂಬೆಹಣ್ಣು ಬೆವರಿತ್ತು.

"ಲಟ್ಟಣಿಗೆ ಕೊಟ್ಟುಬಿಟ್ಟರೆ ಮನೆಯಲ್ಲಿ ರೊಟ್ಟಿಗೇನು ಮಾಡುತ್ತಾರೆ?" ಎಂದು ಕೇಳಿದರು.

"ಕೈಯಿಂದ ಬಡಿಯುತ್ತಾಳೆ."

ಹಿರಿಯರು ಜೋರಾಗಿ ನಕ್ಕು, ಒಳಗೆ ಹೋಗಿ ಕುರ್ಚಿಯ ಮೇಲೆ ಕೂತರು. ಮಾವನವರು ಟವೆಲು ಕೊಡವಿ ಅವರ ಕೊರಳಿಗೆ ಸುತ್ತಿದರು, ನೊರೆ ತಾವೇ ಹಚ್ಚಿದರು, ಕತ್ತಿಯನ್ನು ಮಗನ ಕೈಗೆ ಕೊಟ್ಟರು. ಕನ್ನಡಿಯಲ್ಲಿ ಮೂರು ಮುಖ ಕಾಣುತ್ತಿದ್ದವು. ಆ ಹಿರಿಯರು ಎದ್ದು ಹೊರಡುವ ಹೊತ್ತಿಗೆ ಬೆಂಚಿನ ಮೇಲೆ ಒಬ್ಬರು ಕೂತಿದ್ದರು. ನಾವು ನಿಂಬೆಹಣ್ಣು ಕಟ್ಟಿಸಿಕೊಳ್ಳುವ ಹೊತ್ತಿಗೆ ಇಬ್ಬರು. ಖಾಲಾ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ಗುರುತಾಗಿತ್ತು.

ಮನೆಗೆ ಬಂದವಳೇ ಪಡ್ಡಿನ ಹಂಚು ತೊಳೆದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಎಣ್ಣೆ ಸವರಿ ಕಾಯಿಸಿ, ಹಿಟ್ಟು ಹೊಯ್ದೆ. ಮೊದಲ ಏಳು ಪಡ್ಡು ತಟ್ಟೆಗೆ ಹಾಕಿ ದೇವರಿಗೆ ತೋರಿಸಿದೆ. ಸಂಜೆ ಎಲ್ಲರೂ ಅಂಗಳದಲ್ಲಿ ಕೂತಿದ್ದರು: ಮಾವನವರು, ಯಜಮಾನರು, ಖಾಲಾ, ಎರಡು ದಿನದಿಂದ ನನ್ನನ್ನು ಕಂಡರೆ ಗದ್ದ ಮುಚ್ಚಿಕೊಳ್ಳುತ್ತಿದ್ದ ಓನರು. ಓನರು ಒಂದು ಪಡ್ಡು ಬಾಯಿಗಿಟ್ಟು, ಅಗಿಯುವುದು ನಿಲ್ಲಿಸಿ, ಎರಡು ಬೆರಳಿನಿಂದ ಉದ್ದನೆಯ ಒಂದು ನೈಲಾನ್ ಎಳೆ ಹೊರಗೆಳೆದರು.

"ಅಮ್ಮಾ" ಅಂದರು, "ಹೊರಗಡೆ ಶೇವ್ ಆಯ್ತು. ಒಳಗಡೆನೂ ಮಾಡ್ತಿದ್ದೀರಾ?"

ಮಾವನವರು ಕೈ ಚಾಚಿ ಆ ಎಳೆಯನ್ನು ಇಸಿದುಕೊಂಡು ಹೆಬ್ಬೆಟ್ಟಿನ ಮೇಲೆ ಎಳೆದು ನೋಡಿದರು. "ಇದಕ್ಕ ಸಾಣಿ ಹಿಡಿದಿಲ್ಲ. ಮದ್ಲಿನ ಬ್ರಷ್ಷಿಂದು" ಎಂದು ಹೇಳಿ, ಇನ್ನೆರಡು ಪಡ್ಡು ಹಾಕಿಸಿಕೊಂಡರು.

ಅವತ್ತು ದೀಪದ ಮುಂದೆ ಬಹಳ ಹೊತ್ತು ನಿಂತಿದ್ದೆ. ಹೇಳಿಕೊಳ್ಳಲು ತುಂಬ ಇದ್ದವು. ಬೆಂಚಿನ ಮೇಲೆ ಕೂತ ಇಬ್ಬರಿಂದ ಶುರು ಮಾಡಿದೆ.